ಅಕ್ಕ ಮುಂದೆ, ನಾನು ಹಿಂದೆ

ಫೆಬ್ರವರಿ 6

ಗುಂಡ,

ನಿನ್ನ ಪತ್ರ ಬಂದು ಎರಡು ತಿಂಗಳ ಮೇಲಾಯ್ತು. ಬರೆಯೋಕೆ ಏನೂ ಇಲ್ಲದಿದ್ದರೆ ಏನೂ ಇಲ್ಲ ಅಂತಲೇ ಬರಿ. ಅದನ್ನೂ ಎರಡು ಸಲ ಓದ್ತೀನಿ.

ನನಗೆ ಹೊಸ ಕಿವಿ ಮೆಷಿನ್ ಬಂದಿದೆ. ಇಷ್ಟು ವರ್ಷ ಮಗ್ಗಗಳ ಗದ್ದಲದಲ್ಲಿ ನಿಂತು ಊರಿಗೆಲ್ಲ ಟವೆಲ್ ನೇಯ್ದು ಕಿವಿ ಕಳ್ಕೊಂಡಿದ್ದಕ್ಕೆ ಮಿಲ್ಲಿನವರು ಕೊನೆಗೂ ಮನಸ್ಸು ಮಾಡಿದರು. ಹಳೆಯದರ ಹಾಗೆ ಎದೆ ಮೇಲೆ ಡಬ್ಬಿ ನೇತಾಡಲ್ಲ. ಕಿವಿ ಹಿಂದೆ ಕೂರುತ್ತೆ, ಕೂದಲು ಮುಚ್ಚಿದರೆ ಕಾಣಿಸೋದೂ ಇಲ್ಲ. ಈಗ ಮೇಲಿನ ಮನೆ ಗಂಡ ಹೆಂಡತಿಯ ಜಗಳ ಪೂರ್ತಿ ಕೇಳುತ್ತೆ. ಇಷ್ಟು ದಿನ ಅವರನ್ನ ತುಂಬಾ ಅನ್ಯೋನ್ಯ ಅಂದ್ಕೊಂಡಿದ್ದೆ. ಫೋನು ಮಾತ್ರ ಈಗಲೂ ಆಗಲ್ಲ. ಯಾರು ಮಾತಾಡಿದರೂ ತಗಡು ಉಜ್ಜಿದ ಹಾಗೆ ಕೇಳುತ್ತೆ. ಹಾಗಾಗಿ ಪತ್ರದ ಕಾಟ ನಿನಗೆ ತಪ್ಪಿದ್ದಲ್ಲ.

ಈ ತಿಂಗಳ ಕೊನೇ ಭಾನುವಾರ ನಿನ್ನಲ್ಲಿಗೆ ಬರ್ತೀನಿ. ಬೆಳಗಿನ ರೈಲಿಗೆ ಬಂದು ಸಂಜೆ ರೈಲಿಗೆ ಹೊರಡ್ತೀನಿ, ಸೋಮವಾರ ಮೊದಲ ಪಾಳಿ ಇದೆ. ನಿನ್ನ ಹತ್ತಿರ ಒಂದು ಮಾತು ಆಡೋದಿದೆ. ಗಾಬರಿ ಆಗಬೇಡ, ಯಾರಿಗೂ ಹುಷಾರಿಲ್ಲ ಅಂತಲ್ಲ. ಎದುರಿಗೆ ಕೂತು ಹೇಳಬೇಕಾದ ಮಾತು, ಅಷ್ಟೇ. ನಿನ್ನ ಮಗಳು ಪುಟ್ಟಿಗೆ ಒಂದು ಸ್ವೆಟರ್ ಹೆಣೆದಿದ್ದೀನಿ, ಅಳತೆ ಎಲ್ಲ ಅಂದಾಜಿನ ಮೇಲೆ. ನಿನ್ನವಳಿಗೆ ಹೇಳು, ಅಡುಗೆ ಗಿಡುಗೆ ಅಂತ ಹಚ್ಕೊಂಡು ಕೂರಬಾರದು.

ಅಕ್ಕ

ಫೆಬ್ರವರಿ 13

ಅಕ್ಕ,

ಖಂಡಿತ ಬಾ. ಆದರೆ ಆ ವಾರ ಮನೆಗೆ ಬಣ್ಣ ಹೊಡೆಸ್ತಿದ್ದೀವಿ. ಸಾಮಾನೆಲ್ಲ ನಡುಮನೆಗೆ ಬಂದು ಬಿದ್ದಿರುತ್ತೆ, ಕಾಲಿಡೋಕೆ ಜಾಗ ಇರಲ್ಲ. ಬಣ್ಣದ ವಾಸನೆಗೆ ಪುಟ್ಟಿಗೆ ತಲೆನೋವು ಬರುತ್ತೆ ಅಂತ ನನ್ನವಳೂ ಪುಟ್ಟಿಯೂ ಅವಳ ತಾಯಿ ಮನೇಲಿ ಇರ್ತಾರೆ. ನಿನ್ನನ್ನ ನೋಡೋಕಾಗಲ್ಲ ಅಂತ ಅವಳಿಗೂ ಬೇಜಾರು.

ಅದಕ್ಕೆ ನಾನೊಂದು ಉಪಾಯ ಮಾಡಿದ್ದೀನಿ. ನೀನು ಇಷ್ಟು ಸಲ ಬಂದರೂ ಈ ಊರು ನೋಡಿಲ್ಲ. ಬರೋದು, ಪಾತ್ರೆ ತೊಳೆಯೋದು, ಪುಟ್ಟಿಗೆ ಜಡೆ ಹಾಕೋದು, ಹೋಗೋದು. ಈ ಸಲ ಇಡೀ ದಿನ ಸೈಕಲ್ ಮೇಲೆ ಸುತ್ತೋಣ. ಸ್ಟೇಷನ್ ಹತ್ತಿರವೇ ಬಾಡಿಗೆಗೆ ಸಿಗುತ್ತೆ. ಭಾನುವಾರ ನದೀ ದಂಡೆಯ ರಸ್ತೆಗೆ ಕಾರು ಬಿಡಲ್ಲ, ಬರೀ ಸೈಕಲ್ಲುಗಳು. ಅಮ್ಮ ತೀರಿಕೊಂಡ ವರ್ಷ ನನ್ನನ್ನ ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ಸ್ಕೂಲಿಗೆ ಬಿಟ್ಟು, ಹಾಗೇ ಮಿಲ್ಲಿಗೆ ಹೋಗ್ತಿದ್ದವಳು ನೀನು. ಮರೆತಿರಲ್ಲ. ಮಾತು ಎಲ್ಲಾದರೂ ಕೂತು ಆಡೋಣ.

ಗುಂಡ

ಮಾರ್ಚ್ 2

ಗುಂಡ,

ಸುಖವಾಗಿ ಬಂದು ಸೇರಿದೆ. ತೊಡೆ ಎರಡೂ ನನ್ನವಲ್ಲ ಅನ್ನೋ ಹಾಗಾಗಿವೆ. ಮಿಲ್ಲಿನಲ್ಲಿ ಕುಂಟುತ್ತಾ ಓಡಾಡ್ತಿದ್ದರೆ ಏನಾಯ್ತು ಅಂತ ಎಲ್ಲರೂ ಕೇಳಿದರು. ದೊಡ್ಡ ಊರು ನೋಡಿ ಬಂದೆ, ಸೈಕಲ್ ಮೇಲೆ, ನನ್ನ ತಮ್ಮನ ಜೊತೆ ಅಂದೆ. ಯಾರೂ ನಂಬಲಿಲ್ಲ.

ಸ್ಟೇಷನ್ ಹೊರಗೆ ಎರಡು ಸೈಕಲ್ ಹಿಡ್ಕೊಂಡು ನಿಂತಿದ್ದ ನಿನ್ನನ್ನ ನೋಡಿ ಮೊದಲು ಗುರುತೇ ಸಿಗಲಿಲ್ಲ. ಎಷ್ಟು ಇಳಿದುಹೋಗಿದ್ದೀಯ. ಇನ್ನು ಗುಂಡ ಅಂತ ಕರೆಯೋಕೆ ನನಗೇ ನಾಚಿಕೆ. ನಿನ್ನವಳು ಬೈಯಲ್ವಾ? ಕೇಳಬೇಕು ಅಂದ್ಕೊಂಡೆ, ಅಷ್ಟರಲ್ಲಿ ನೀನು ಜೇಬಿಂದ ಸ್ಪ್ಯಾನರ್ ತೆಗೆದು ನನ್ನ ಸೀಟು ಇಳಿಸೋಕೆ ಕೂತೆ.

ಮ್ಯೂಸಿಯಂನಲ್ಲಿ ಆ ತಿಮಿಂಗಿಲದ ಎಲುಬಿನ ಕೆಳಗೆ ನಿಂತಿದ್ದು ಇನ್ನೂ ಕಣ್ಣಲ್ಲೇ ಇದೆ. ಅಷ್ಟು ದೊಡ್ಡ ಪ್ರಾಣಿಯನ್ನ ತಂತಿ ಕಟ್ಟಿ ಚಾವಣಿಗೆ ತೂಗುಹಾಕಿದ್ದಾರಲ್ಲ, ಒಂದು ತಂತಿ ಕಿತ್ತುಬಂದರೆ ಏನು ಗತಿ ಅಂತ ನಾನು, ಅದರ ಪಕ್ಕೆಲುಬು ನಿನ್ನ ಅಂಗಡಿಗೆ ರಿಪೇರಿಗೆ ಬರೋ ಸೋಫಾಗಳ ಚೌಕಟ್ಟಿನ ಹಾಗಿದೆ ಅಂತ ನೀನು. ಗಡಿಯಾರದ ಗೋಪುರಕ್ಕೆ ರಿಪೇರಿ ಅಂತ ಬಟ್ಟೆ ಸುತ್ತಿದ್ದರೂ ಜನ ಅದರ ಮುಂದೆ ನಿಂತು ಫೋಟೋ ಹೊಡೆಸ್ಕೋತಿದ್ದರು. ನೀನೂ ನನ್ನನ್ನ ನಿಲ್ಲಿಸಿ ಹೊಡೆಸಿದೆ. ಬಟ್ಟೆಯ ಮುಂದೆ ಅಕ್ಕ. ಬಂದರೆ ಕಳಿಸು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಹಳೇ ಥಿಯೇಟರು. ನಿನ್ನ ಗುರುತಿನ ವಾಚ್‌ಮನ್ ಬಾಗಿಲು ತೆಗೆದ. ಒಳಗೆ ಒಂದೇ ದೀಪ. ಸಾಲು ಸಾಲು ಕೆಂಪು ಸೀಟು, ಒಬ್ಬರೂ ಇಲ್ಲ. ನಡುವಿನ ಸಾಲಿನಲ್ಲಿ ನನ್ನನ್ನ ಕೂರಿಸಿ, ಇದು ನಾನು ಹೊಲಿದಿದ್ದು ಅಂದೆ. ಎಷ್ಟು ಮೆತ್ತಗಿತ್ತು. ಇಲ್ಲೇ ಹೇಳಿಬಿಡೋಣ ಅಂತ ಬಾಯಿ ತೆರೆದೆ. ನೀನು ಎದ್ದುಹೋಗಿ ಮುಂದಿನ ಸಾಲಿನ ಸೀಟುಗಳನ್ನ ಒಂದೊಂದಾಗಿ ಒತ್ತಿ ನೋಡೋಕೆ ಶುರು ಮಾಡಿದೆ. ಕೆಲಸದ ಮನುಷ್ಯ, ಮಾತಾಡಿಸೋದು ಬೇಡ ಅನ್ನಿಸ್ತು.

ಸೇತುವೆ ಮೇಲೆ ಬ್ರೆಡ್ಡೂ ಮೊಟ್ಟೆಯೂ ತಿಂತಾ, ನಿನ್ನ ಮನೆ ಇಲ್ಲಿಂದ ಎಷ್ಟು ದೂರ, ಬಣ್ಣ ಹೇಗೆ ಬಂದಿದೆ ನೋಡಿ ಬರೋಣ ಅಂದೆ ನಾನು. ಮನೆ ಚಿಕ್ಕದು ಅಕ್ಕ, ಬಂದವರಿಗೂ ಕಷ್ಟ, ನಮಗೂ ಕಷ್ಟ ಅಂದೆ ನೀನು. ಸರಿ. ಹೆಂಡತಿ ಊರಲ್ಲಿ ಇಲ್ಲದಿದ್ದಾಗ ಅಕ್ಕನನ್ನ ಕರ್ಕೊಂಡು ಹೋದರೆ ಆಮೇಲೆ ಮಾತು ಬರುತ್ತೆ, ನನಗೆ ಅರ್ಥ ಆಗುತ್ತೆ. ನಾನೇನೂ ಮನಸ್ಸಿಗೆ ಹಚ್ಕೊಂಡಿಲ್ಲ.

ನದೀ ದಂಡೆಯ ರಸ್ತೆ ಮಾತ್ರ ಸ್ವರ್ಗ. ಮಧ್ಯಾಹ್ನದ ಬಿಸಿಲು, ಎದುರು ಗಾಳಿ, ಮರದಿಂದ ಎಲೆ ಉದುರ್ತಿತ್ತು. ನೀನು ಹಿಂದೆ ಇದ್ದೀಯ ಅಂತ ಧೈರ್ಯ. ಒಂದು ಸಲವೂ ತಿರುಗಿ ನೋಡಲಿಲ್ಲ.

ಆಡಬೇಕು ಅಂದಿದ್ದ ಮಾತು ಅಂಥ ದೊಡ್ಡದೇನಲ್ಲ. ಇನ್ನೊಂದು ಸಲ ಆಯ್ತು. ಸ್ವೆಟರ್ ಪುಟ್ಟಿಗೆ ಸರಿಹೋಯ್ತಾ ಬರಿ.

ಅಕ್ಕ

ಮಾರ್ಚ್ 12

ಅಕ್ಕ,

ಸ್ವೆಟರ್ ಅಳತೆ ಮಾಡಿ ಹೆಣೆದ ಹಾಗಿದೆ. ಫೋಟೋ ಬಂದ ಕೂಡಲೇ ಕಳಿಸ್ತೀನಿ.

ನಿನ್ನ ರೈಲು ಹೊರಟ ಮೇಲೆ ಎರಡೂ ಸೈಕಲ್ ವಾಪಸ್ ಕೊಡಬೇಕಿತ್ತಲ್ಲ. ಒಂದರ ಮೇಲೆ ಕೂತು ಇನ್ನೊಂದರ ಹ್ಯಾಂಡಲ್ ಕೈಲಿ ಹಿಡ್ಕೊಂಡು ಹೊರಟೆ. ಖಾಲಿ ಸೈಕಲ್ ಹೇಳಿದ ಮಾತು ಕೇಳಲ್ಲ, ಸುಮ್ಮನೆ ಪಕ್ಕಕ್ಕೆ ವಾಲುತ್ತೆ. ಎರಡು ಸಲ ಬೀಳೋ ಹಾಗಾಯ್ತು. ಆಮೇಲೆ ಇಳಿದು ಎರಡನ್ನೂ ತಳ್ಕೊಂಡೇ ಹೋದೆ.

ಒಂದು ವಿಷಯ ಹೇಳಬೇಕು. ನದೀ ರಸ್ತೆಯಲ್ಲಿ ನಾನು ಹಿಂದಿನಿಂದ ಹೇಳಿದ್ದರ ಬಗ್ಗೆ ನಿನ್ನ ಪತ್ರದಲ್ಲಿ ಒಂದು ಸಾಲೂ ಇಲ್ಲ. ಅದು ನಿನ್ನ ದೊಡ್ಡತನ. ಮುಖ ನೋಡಿಕೊಂಡು ಹೇಳೋಕೆ ಆಗಲ್ಲ ಅಂತಲೇ ಹಿಂದಿನಿಂದ ಹೇಳಿದೆ. ನೀನು ತಿರುಗಿ ನೋಡದೇ ಇದ್ದದ್ದೂ ಒಳ್ಳೆಯದೇ ಆಯ್ತು. ಕೊನೆಗೆ ಕೇಳಿದ ಮಾತಿಗೆ ಇಲ್ಲ ಅಂತ ತಲೆ ಅಲ್ಲಾಡಿಸಿದೆಯಲ್ಲ, ಅದರಲ್ಲಿ ಉತ್ತರ ಸಿಕ್ತು. ನಿನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡ್ತಿದ್ದರು. ನನಗೆ ಬೇಜಾರಿಲ್ಲ. ಅದನ್ನ ಮತ್ತೆ ಎತ್ತೋದು ಬೇಡ.

ಬೇರೆ ಊರಿನ ಥಿಯೇಟರೊಂದರ ಸೀಟೆಲ್ಲ ಬದಲಾಯಿಸೋ ಕೆಲಸ ಸಿಕ್ಕಿದೆ. ಮುಂದಿನ ವಾರ ಹೊರಡ್ತೀನಿ.

ಗುಂಡ

ಮಾರ್ಚ್ 22

ಗುಂಡ,

ನಿನ್ನ ಪತ್ರ ಮೂರು ಸಲ ಓದಿದೆ, ತಲೆಬುಡ ಗೊತ್ತಾಗಲಿಲ್ಲ. ಮನೆಗೆ ಬರಬೇಡ ಅಂತ ನೀನಂದೆ, ಸರಿ ಅಂತ ನಾನಂದೆ. ಅದಕ್ಕೆ ದೊಡ್ಡತನ, ಉತ್ತರ, ಮತ್ತೆ ಎತ್ತೋದು ಬೇಡ ಅಂತೆಲ್ಲ ಯಾಕೆ? ಅಕ್ಕ ತಮ್ಮ ಇಷ್ಟು ಲೆಕ್ಕಾಚಾರದಲ್ಲಿ ಮಾತಾಡೋ ಕಾಲ ಬಂತಾ.

ಹೋಗಲಿ. ಇನ್ನು ಕಾದರೆ ಹೊತ್ತು ಮೀರುತ್ತೆ, ಬರೆದೇಬಿಡ್ತೀನಿ. ನಗಬೇಡ.

ನಾನು ಮದುವೆ ಆಗ್ತಿದ್ದೀನಿ.

ನಮ್ಮ ಮಿಲ್ಲಿನ ಬಾಯ್ಲರ್ ನೋಡ್ಕೊಳ್ಳೋರು. ಎಲ್ಲರೂ ಅವರನ್ನ ಬಾಯ್ಲರ್ ಅಂತಲೇ ಕರೀತಾರೆ, ನಾನೂ ಹಾಗೇ ಕರೀತಿದ್ದೆ, ಈಗ ಏನಂತ ಕರೀಬೇಕೋ ತಿಳೀದೆ ಒದ್ದಾಡ್ತಿದ್ದೀನಿ. ಹೆಂಡತಿ ತೀರಿಕೊಂಡು ತುಂಬಾ ವರ್ಷ ಆಯ್ತು, ಮಕ್ಕಳಿಲ್ಲ. ಅವರಿಗೂ ಒಂದು ಕಿವಿ ಕೇಳಲ್ಲ. ನಾವಿಬ್ಬರೂ ಗುಟ್ಟು ಮಾತಾಡಿದರೆ ಬೀದಿಗೆಲ್ಲ ಗೊತ್ತಾಗುತ್ತೆ. ಒಳ್ಳೇ ಮನುಷ್ಯ. ಪಾಳಿ ಮುಗಿಸಿ ನಾನು ಹೊರಗೆ ಬರೋವರೆಗೂ ಗೇಟಿನ ಹತ್ತಿರ ನಿಂತಿರ್ತಾರೆ. ಈ ವಯಸ್ಸಿನಲ್ಲಿ ನನಗೋಸ್ಕರ ಒಬ್ಬರು ನಿಂತಿರೋದು ಅಂದರೆ ಏನು ಅಂತ ನಿನಗೆ ಹೇಗೆ ಹೇಳಲಿ.

ಇದನ್ನ ಹೇಳೋಕೇ ಬಂದಿದ್ದೆ. ಥಿಯೇಟರಿನಲ್ಲಿ ಆಗಲಿಲ್ಲ. ಸೇತುವೆ ಮೇಲೆ ನೀನು ಹಾಗಂದ ಮೇಲೆ ಬಾಯೇ ಬರಲಿಲ್ಲ. ಅಕ್ಕನನ್ನ ಮನೆಗೆ ಕರೀದವನು ಅಕ್ಕನ ಮದುವೆಗೆ ಬರ್ತಾನಾ ಅನ್ನಿಸ್ತು. ತಪ್ಪಾಗಿ ಯೋಚಿಸಿದ್ದರೆ ಹೊಟ್ಟೆಗೆ ಹಾಕ್ಕೋ.

ಏಪ್ರಿಲ್ ಹನ್ನೊಂದು, ರಿಜಿಸ್ಟ್ರಾರ್ ಆಫೀಸು. ಅಷ್ಟರಲ್ಲಿ ನಿನ್ನ ಥಿಯೇಟರ್ ಕೆಲಸ ಮುಗಿದಿರುತ್ತೆ. ನನ್ನ ಕಡೆಯಿಂದ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ನನ್ನ ಕಡೆ ಅಂತ ಇರೋದು ನೀನೊಬ್ಬ. ಮೂವರೂ ಬನ್ನಿ. ನಿನ್ನವಳಿಗೆ ನಾನು ಪ್ರೀತಿಯಿಂದ ಕರೆದೆ ಅಂತ ಹೇಳು. ಪುಟ್ಟಿ ಆ ಸ್ವೆಟರ್ ಹಾಕ್ಕೊಂಡೇ ಬರಲಿ.

ಅಕ್ಕ

ಏಪ್ರಿಲ್ 15

ತಮ್ಮನಿಗೆ,

ಮದುವೆ ಆಯ್ತು. ಪತ್ರ ತಲುಪಿದೆ ಅಂದ್ಕೊಂಡಿದ್ದೀನಿ.

ಆಫೀಸಿನಲ್ಲಿ ನಮ್ಮ ಹೆಸರು ಕರೆದಾಗ, ಇನ್ನು ಸ್ವಲ್ಪ ಹೊತ್ತು, ನನ್ನ ತಮ್ಮ ಬರ್ತಾನೆ ಅಂತ ಕೇಳಿಕೊಂಡೆ. ನಮ್ಮ ಹಿಂದಿನ ಜೋಡಿಯನ್ನ ಒಳಗೆ ಬಿಟ್ಟರು. ಆಮೇಲೆ ಅವರ ಹಿಂದಿನವರನ್ನ. ಬಾಯ್ಲರ್ ಮತ್ತೆ ಮತ್ತೆ ಮೆಟ್ಟಿಲ ಹತ್ತಿರ ಹೋಗಿ ರಸ್ತೆ ನೋಡಿ ಬರ್ತಿದ್ದರು. ಕೊನೆಗೆ ಗುಮಾಸ್ತರು ಇವತ್ತು ಆಗಬೇಕಾ ಬೇಡವಾ ಅಂದರು. ಹೊರಗೆ ಬೆಂಚಿನ ಮೇಲೆ ಒಬ್ಬಳು ಹುಡುಗಿ ಕೂತಿದ್ದಳು, ಅವಳೂ ಮದುವೆಗೇ ಬಂದವಳು. ಸಹಿ ನಾನು ಹಾಕ್ತೀನಿ ಆಂಟಿ ಅಂತ ಎದ್ದು ಬಂದಳು. ಸಂಬಂಧ ಅಂತ ಇದ್ದ ಕಡೆ ಏನು ಬರೀಲಿ ಅಂತ ಕೇಳಿದಳು. ಪರಿಚಯದವರು ಅಂತ ಬರಿಯಮ್ಮ ಅಂದೆ.

ನಾನು ಹಳೇ ಮನೆ ಬಿಟ್ಟುಕೊಟ್ಟೆ. ಹೊಸ ವಿಳಾಸ ಕವರಿನ ಹಿಂದೆ ಇದೆ. ಬೇಕಾದರೆ ಇರಲಿ.

ಅಕ್ಕ

ಏಪ್ರಿಲ್ 30

ಅಕ್ಕ,

ನಿನ್ನ ಎರಡು ಪತ್ರವೂ ನನಗೆ ನಿನ್ನೆ ಒಟ್ಟಿಗೆ ಸಿಕ್ಕವು. ಮಾರ್ಚ್ ಮೂರನೇ ವಾರದಿಂದ ಆ ಬೇರೆ ಊರಿನ ಥಿಯೇಟರಿನಲ್ಲೇ ಇದ್ದೆ. ನೀನು ಯಾವಾಗಲೂ ಬರೆಯೋದು ಅಂಗಡಿ ವಿಳಾಸಕ್ಕೆ, ಇಲ್ಲಿ ಅಂಗಡಿಗೆ ಬೀಗ. ಷಟರ್ ಎತ್ತಿದರೆ ಕಾಗದಗಳು ಧೂಳಿನಲ್ಲಿ ಬಿದ್ದಿದ್ದವು. ಅಲ್ಲೇ ನೆಲದ ಮೇಲೆ ಕೂತು ಓದಿದೆ. ಮೊದಲು ಎರಡನೆಯದು ಕೈಗೆ ಬಂತು.

ನೀನು ಮೆಟ್ಟಿಲ ಕಡೆ ನೋಡ್ತಾ ಇದ್ದಾಗ ನಾನು ಯಾವುದೋ ಊರಲ್ಲಿ ಯಾರದೋ ಸೀಟಿಗೆ ಮೊಳೆ ಹೊಡೀತಿದ್ದೆ. ಆ ದಿನ ಏನು ಮಾಡ್ತಿದ್ದೆ ಅಂತ ಎಷ್ಟು ಯೋಚಿಸಿದರೂ ನೆನಪಾಗ್ತಿಲ್ಲ. ಎಲ್ಲ ದಿನದ ಹಾಗೆ ಒಂದು ದಿನ.

ಮೂವರೂ ಬನ್ನಿ ಅಂತ ಬರೆದಿದ್ದೀಯ. ಅದನ್ನ ಓದಿದ ಮೇಲೆ ಗೊತ್ತಾಯ್ತು, ನದೀ ರಸ್ತೆಯಲ್ಲಿ ನಾನು ಹೇಳಿದ್ದು ನಿನಗೆ ಒಂದಕ್ಷರವೂ ಕೇಳಿಲ್ಲ. ಹೊಸ ಮೆಷಿನ್‌ನಲ್ಲಿ ಎಲ್ಲ ಕೇಳುತ್ತೆ ಅಂತ ನೀನೇ ಬರೆದಿದ್ದೆಯಲ್ಲ, ಅದನ್ನ ನಂಬಿಕೊಂಡು ಹೇಳಿದ್ದೆ. ಹಾಗಾಗಿ ಈಗ ಬರೀತೀನಿ.

ನಾವು ಮೂವರಿಲ್ಲ, ಅಕ್ಕ. ಅವಳೂ ಪುಟ್ಟಿಯೂ ನನ್ನನ್ನ ಬಿಟ್ಟುಹೋಗಿ ಒಂದು ವರ್ಷ ಆಗ್ತಾ ಬಂತು. ಜಗಳ ಅಂತ ಹೇಳಿಕೊಳ್ಳೋ ಹಾಗೆ ಏನೂ ಆಗಲಿಲ್ಲ. ನನ್ನ ಜೊತೆ ಮನೇಲಿ ಕೂತರೆ ಯಾರೂ ಇಲ್ಲದ ಮನೇಲಿ ಕೂತ ಹಾಗಿರುತ್ತೆ ಅಂದಳು. ಅದಕ್ಕೂ ನಾನು ಏನೂ ಅನ್ನಲಿಲ್ಲ. ಅವಳು ಹೇಳಿದ್ದು ನಿಜ ಅಂತ ಅಲ್ಲೇ ಸಾಬೀತಾಯ್ತು. ಆ ಮನೆ ಬಿಟ್ಟೆ. ಬಣ್ಣ ಯಾವ ಗೋಡೆಗೂ ಹೊಡೆಸಿಲ್ಲ. ಅಂಗಡಿಯ ಅಟ್ಟದ ಮೇಲೆ ಇದ್ದೀನಿ, ಏಣಿ ಹತ್ತಿ ಹೋಗಬೇಕು, ಫೋಮ್ ಹಾಳೆಗಳ ಮಧ್ಯೆ ಒಬ್ಬ ಮಲಗೋಷ್ಟು ಜಾಗ. ನೆಟ್ಟಗೆ ನಿಂತರೆ ತಲೆ ತಗಲುತ್ತೆ. ಸೆಖೆ ಜಾಸ್ತಿ ಆದರೆ ಕೆಳಗೆ ಬಂದು ರಿಪೇರಿಗೆ ಬಂದ ಯಾವುದಾದರೂ ಸೋಫಾ ಮೇಲೆ ಮಲಗ್ತೀನಿ. ಮನೆ ಚಿಕ್ಕದು ಅಂದದ್ದು ಅದೊಂದು ಸುಳ್ಳಲ್ಲ.

ಪುಟ್ಟಿ ತಿಂಗಳಿಗೊಂದು ಸಲ ಫೋನ್ ಮಾಡ್ತಾಳೆ, ಅಂಗಡಿ ಪಕ್ಕದ ಔಷಧಿ ಅಂಗಡಿಗೆ. ಊಟ ಆಯ್ತಾ ಅಂತ ನಾನು, ಆಯ್ತು ಅಂತ ಅವಳು. ಅಷ್ಟೇ ಮಾತು. ಸ್ವೆಟರ್ ಅವಳಿಗೆ ಕಳಿಸಿಲ್ಲ. ಅಳತೆ ನನಗೂ ಗೊತ್ತಿಲ್ಲ.

ನಿನ್ನನ್ನ ಇಡೀ ದಿನ ಊರು ಸುತ್ತಿಸಿದ್ದು ಊರು ತೋರಿಸೋಕಲ್ಲ. ಕೂತರೆ ನೀನು ಕೇಳ್ತೀಯ, ಕೇಳಿದರೆ ಹೇಳಬೇಕಾಗುತ್ತೆ ಅಂತ. ಥಿಯೇಟರಿನಲ್ಲಿ ನೀನು ಬಾಯಿ ತೆರೆದದ್ದು ನೋಡಿದೆ. ನಿನ್ನವಳು ಹೇಗಿದ್ದಾಳೆ ಅಂತ ಕೇಳೋಕೆ ಹೊರಟಿದ್ದೀಯ ಅಂದ್ಕೊಂಡು ಎದ್ದುಹೋದೆ. ನಿನ್ನ ಮದುವೆ ಮಾತು ಅಂತ ಗೊತ್ತಿದ್ದರೆ ಆ ಖಾಲಿ ಥಿಯೇಟರಿನಲ್ಲಿ ಒಬ್ಬನೇ ಚಪ್ಪಾಳೆ ತಟ್ಟುತ್ತಿದ್ದೆ.

ಬಾಯ್ಲರ್ ಅವರಿಗೆ ನನ್ನ ನಮಸ್ಕಾರ ಹೇಳು. ಅವರು ಮೆಟ್ಟಿಲ ಹತ್ತಿರ ಹೋಗಿ ಹೋಗಿ ನೋಡಿದ್ದು ನನಗೋಸ್ಕರ ಅನ್ನೋದು ತಲೆಯಿಂದ ಹೋಗ್ತಿಲ್ಲ.

ಗುಂಡ

ಮೇ 8

ಗುಂಡ, ನನ್ನ ಗುಂಡ,

ನಿನ್ನ ಪತ್ರ ಮಧ್ಯಾಹ್ನ ಬಂತು. ಓದಿ ಮುಗಿಸೋಕೆ ಸಂಜೆ ಆಯ್ತು. ಅವರು ಪಾಳಿ ಮುಗಿಸಿ ಬಂದು ಏನಾಯ್ತು ಅಂದರು. ಪತ್ರ ಕೈಗೆ ಕೊಟ್ಟೆ. ಓದಿ, ಎದ್ದುಹೋಗಿ, ಚಹಾ ಮಾಡಿ ತಂದು ನನ್ನ ಮುಂದೆ ಇಟ್ಟರು.

ಮೆಷಿನ್ ಅವತ್ತು ನನ್ನ ಕಿವಿಯಲ್ಲೇ ಇರಲಿಲ್ಲ ಕಣೋ. ಸೈಕಲ್ ಹೊರಟ ಕೂಡಲೇ ಅದರೊಳಗೆ ಗಾಳಿ ನುಗ್ಗಿ, ಇಡೀ ಮಿಲ್ಲೇ ಕಿವಿಗೆ ಬಂದ ಹಾಗೆ ಭೋರ್ ಅನ್ನುತ್ತೆ. ಅದಕ್ಕೆ ಸೈಕಲ್ ಹತ್ತಿದಾಗಲೆಲ್ಲ ತೆಗೆದು ಕೋಟಿನ ಜೇಬಿಗೆ ಹಾಕ್ತಿದ್ದೆ, ಇಳಿದಾಗ ಹಾಕ್ಕೋತಿದ್ದೆ. ಸ್ಕಾರ್ಫ್ ಒಳಗೆ ಕೈ ಹಾಕಿದ್ದು ನಿನಗೆ ಕಾಣಲಿಲ್ಲ. ನದೀ ರಸ್ತೆ ಪೂರ್ತಿ ನಾನು ಕಿವುಡಿ. ಅದಕ್ಕೇ ಅಷ್ಟು ಸುಖವಾಗಿತ್ತು. ನನ್ನ ಬೆನ್ನಿಗೆ ನೀನು ಇಷ್ಟೆಲ್ಲ ಹೇಳ್ತಾ ಬರ್ತಿದ್ದೆ, ನಾನು ಎಲೆ ನೋಡ್ತಾ ಹೋಗ್ತಿದ್ದೆ.

ತಲೆ ಅಲ್ಲಾಡಿಸಿದ್ದು ಯಾಕೆ ಅಂತ ಎಷ್ಟು ನೆನೆಸಿಕೊಂಡರೂ ನೆನಪಿಲ್ಲ. ಎದುರಿಗೆ ಒಬ್ಬ ತನ್ನ ಸೈಕಲ್ ಬುಟ್ಟಿಯಲ್ಲಿ ನಾಯಿ ಕೂರಿಸ್ಕೊಂಡು ಬರ್ತಿದ್ದ, ಅದಕ್ಕೂ ಒಂದು ಟೋಪಿ ಹಾಕಿದ್ದ. ಅದನ್ನ ನೋಡಿ, ಏನು ಜನವಪ್ಪಾ ಅಂತ ತಲೆ ಅಲ್ಲಾಡಿಸಿರಬೇಕು. ಇಲ್ಲಾ ಕಣ್ಣಿಗೆ ಕೂದಲು ಬಂದಿರಬೇಕು. ನಿನಗೆ ಅಂತೂ ಅಲ್ಲ. ನಿನಗೆ ನಾನು ಯಾವತ್ತಾದರೂ ಇಲ್ಲ ಅಂದಿದ್ದೀನಾ.

ನಿನ್ನ ಈ ಪತ್ರವನ್ನ ಮೇಲಿಂದ ಕೆಳಗೆ ಹುಡುಕಿದೆ. ಅವತ್ತು ಕೊನೆಗೆ ಏನೋ ಒಂದು ಕೇಳಿದೆ, ಅದಕ್ಕೆ ನಾನು ತಲೆ ಅಲ್ಲಾಡಿಸಿದೆ ಅಂತ ಮಾರ್ಚ್ ತಿಂಗಳಲ್ಲಿ ಬರೆದಿದ್ದೆ. ಎಲ್ಲ ಹೇಳಿದ್ದೀಯ, ಅದೊಂದು ಮಾತ್ರ ಇಲ್ಲ. ಏನು ಕೇಳಿದೆ?

ಇಲ್ಲಿ ಎರಡೇ ಕೋಣೆ. ಒಂದರಲ್ಲಿ ಅವರ ಅಣ್ಣ ಇದ್ದಾರೆ, ಪಾರ್ಶ್ವವಾಯು, ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ. ಮದುವೆಗೆ ಮೊದಲೇ ಗೊತ್ತಿತ್ತು, ನಾನು ಒಪ್ಪಿಕೊಂಡೇ ಬಂದೆ. ಆದರೂ ನೀನು ಬಾ. ಅಡುಗೆಮನೆಯಲ್ಲಾದರೂ ಹಾಸಿ ಕೊಡ್ತೀನಿ. ನಾಲ್ಕು ದಿನ ಇದ್ದು ಹೋಗು.

ಅಕ್ಕ

ಮೇ 19

ಅಕ್ಕ,

ಜೂನ್ ಮೊದಲ ಶನಿವಾರ ಬರ್ತೀನಿ. ಭಾನುವಾರ ಸಂಜೆ ವಾಪಸ್. ಅಡುಗೆಮನೆ ಬೇಕಾದಷ್ಟಾಯ್ತು. ಅವರ ಅಣ್ಣನ ಹಾಸಿಗೆಯ ಉದ್ದಗಲ ಬರೆದು ಕಳಿಸು. ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಬೆನ್ನು ಹುಣ್ಣಾಗುತ್ತೆ, ನಡುವೆ ಮೆತ್ತಗೆ, ಅಂಚಿನಲ್ಲಿ ಗಟ್ಟಿ ಇರೋ ಹಾಗೆ ಒಂದು ಫೋಮ್ ಹಾಸಿಗೆ ಮಾಡಿ ತರ್ತೀನಿ.

ಕಳೆದ ವಾರ ಪುಟ್ಟಿ ಫೋನ್ ಮಾಡಿದ್ದಳು. ನಿಮ್ಮತ್ತೆಗೆ ಮದುವೆ ಆಯ್ತು ಅಂದೆ. ಅಷ್ಟು ಹೊತ್ತು ನಕ್ಕಿದ್ದನ್ನ ನಾನು ಕೇಳೇ ಇರಲಿಲ್ಲ. ಅತ್ತೆ ಬಿಳಿ ಬಟ್ಟೆ ಹಾಕಿದ್ದರಾ, ಹೂವು ಇತ್ತಾ, ಫೋಟೋ ಇದೆಯಾ ಅಂತೆಲ್ಲ ಕೇಳಿದಳು. ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಎಲ್ಲ ಬರೆದು ಕಳಿಸು, ಅವಳಿಗೆ ಹೇಳೋಕೆ ಬೇಕು.

ಆ ಮಾತು ಬರೆಯಲಾ ಬೇಡವಾ ಅಂತ ಈ ಪತ್ರವನ್ನ ಮೂರು ದಿನ ಹಾಗೇ ಇಟ್ಟಿದ್ದೆ. ನೀನು ಕೇಳದೆ ಬಿಡೋಳಲ್ಲ, ಅದಕ್ಕೆ ಬರೀತೀನಿ. ಓದಿ ಏನೂ ಮಾಡೋದು ಬೇಡ. ಕೋಣೆ ಅದಲು ಬದಲು ಮಾಡೋದು, ಅವರ ಹತ್ತಿರ ಕೇಳೋದು, ಯಾವುದೂ ಬೇಡ. ಅದನ್ನ ಕೇಳಿದ ದಿನ ನಿನಗೆ ಒಬ್ಬಳಿಗೇ ಒಂದು ಮನೆ ಇತ್ತು. ಈಗ ನಿನ್ನ ಮನೆ ತುಂಬಿದೆ, ತುಂಬಿದ ಮನೆಯಲ್ಲಿ ನೀನಿರೋದು ನನಗೆ ನಿಜವಾಗಿಯೂ ಸಂತೋಷ.

ರಸ್ತೆ ಮುಗಿಯೋಕೆ ಇನ್ನೇನು ಸ್ವಲ್ಪ ದೂರ ಇತ್ತು. ಅಲ್ಲಿಂದ ತಿರುಗಿದರೆ ಸ್ಟೇಷನ್. ನೀನು ಮುಂದೆ ಆರಾಮಾಗಿ ಹೋಗ್ತಿದ್ದೆ. ನಾನು ಸ್ವಲ್ಪ ಜೋರಾಗಿ ತುಳಿದು ಹತ್ತಿರ ಬಂದು ಕೇಳಿದೆ.

ಅಕ್ಕ, ಇವತ್ತು ಸಂಜೆ ರೈಲಿಗೆ ನಾನೂ ನಿನ್ನ ಜೊತೆ ಬಂದುಬಿಡಲಾ?

ಗುಂಡ